ಸೀಟು ಹಿಡಿದವಳು

ನನ್ನನ್ನು ಮೊದಲ ಸಲ ಬಸ್ಸಿನ ಕಿಟಕಿಯಿಂದ ಒಳಗೆ ತೂರಿಸಿದವನು ನನ್ನ ಕಾಕಾ ಗುರಪ್ಪ. ಸಿಂದಗಿ ಸ್ಟ್ಯಾಂಡಿನಲ್ಲಿ. ನನಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಬಸ್ಸು ನಿಲ್ಲುವ ಮೊದಲೇ ಜನ ಅದರ ಜೊತೆಗೆ ಓಡುತ್ತಿದ್ದರು. ಕಂಡ ಕಂಡ ಕಿಟಕಿಯಿಂದ ಟವೆಲ್, ಟೊಪ್ಪಿಗೆ, ಚೀಲ ಒಳಗೆ ಬೀಳುತ್ತಿದ್ದವು. ಯಾರ ವಸ್ತು ಯಾವ ಸೀಟಿನ ಮೇಲೆ ಬಿತ್ತೋ ಆ ಸೀಟು ಅವರದು. ನಮ್ಮ ಕಡೆಯ ಕಾಯಿದೆ ಇದು, ಈಗಲೂ ಇದೆ. ಆದರೆ ಕಾಕಾನಿಗೆ ಟವೆಲಿನ ಮೇಲೆ ನಂಬಿಕೆ ಇರಲಿಲ್ಲ. ಟವೆಲನ್ನು ಎತ್ತಿ ಬದಿಗಿಟ್ಟು ಕೂತುಬಿಡುವ ಗಟ್ಟಿಗರು ಇರುತ್ತಾರೆ. ಕೂಸನ್ನು ಎತ್ತಿ ಬದಿಗಿಡುವವರು ಕಡಿಮೆ. ಹೀಗೆ ಲೆಕ್ಕ ಹಾಕಿ ಅವನು ನನ್ನನ್ನು ಬಗಲಲ್ಲಿ ಹಿಡಿದು ಓಡಿದ, ಎತ್ತಿದ, ನೂಕಿದ.

“ತಲಿ ಒಳಗ ಹಾಕ ಮಾದಿ, ತಲಿ! ಕಾಲ ನಾ ನೂಕತೇನಿ. ಯಾರ ಬಂದ್ ಏನ್ ಅಂದ್ರೂ ಏಳಬ್ಯಾಡ. ಬೇಕಾದ್ರ ಅಳು, ಏಳಬ್ಯಾಡ!”

ನಾನು ಅತ್ತೆ, ಏಳಲಿಲ್ಲ. ಅಂದಿನಿಂದ ನಾನು ನಮ್ಮ ಮನೆಯ ಟವೆಲ್ ಆದೆ. ಸಂತೆಗೆ, ಮದುವೆಗೆ, ಸತ್ತವರ ಮಣ್ಣಿಗೆ, ಎಲ್ಲಿಗೆ ಹೊರಟರೂ ಮೊದಲು ನನ್ನನ್ನು ಒಗೆಯುತ್ತಿದ್ದರು. ಕೆಲಸ ಬೇಗ ಕಲಿತೆ. ಭುಜ ಓರೆ ಮಾಡಿ ಹೋಗಬೇಕು, ಮೊದಲು ಎದುರಿನ ಸೀಟಿನ ಬೆನ್ನು ಹಿಡಿಯಬೇಕು, ಕಿಟಕಿಯ ಗಾಜು ಅರ್ಧಕ್ಕೆ ಸಿಕ್ಕಿಕೊಳ್ಳುವ ಬಸ್ಸನ್ನು ದೂರದಿಂದಲೇ ಗುರುತಿಸಿ ಕಾಕಾನಿಗೆ ಹೇಳಬೇಕು. ಈಗಲೂ ನನ್ನನ್ನು ಕೇಳಿದವರಿಗೆ, ಕೇಳದವರಿಗೂ, ಹೇಳುತ್ತಿರುತ್ತೇನೆ: ಹಿಂದಿನ ಗಾಲಿಯ ಮೇಲಿನ ಸೀಟು ಹಿಡಿಯಬೇಡಿ, ಮೊಣಕಾಲು ಗದ್ದಕ್ಕೆ ಬರುತ್ತದೆ. ಮುಂಜಾನೆ ಸಿಂದಗಿಯಿಂದ ಬಾಗೇವಾಡಿ ಕಡೆಗೆ ಹೊರಟರೆ ಎಡಗಡೆ ಕೂಡಬೇಡಿ, ಇಳಿಯುವವರೆಗೂ ಬಿಸಿಲು ಮೋರೆಗೆ ಹೊಡೆಯುತ್ತದೆ. ಕಂಡಕ್ಟರನ ಜೊತೆ ಚಿಲ್ಲರೆಗಾಗಿ ಜಗಳ ತೆಗೆಯಬೇಡಿ, ಇಳಿಯುವಾಗ ಅವನೇ ಬೇಕಾಗುತ್ತಾನೆ. ಇದೆಲ್ಲ ಯಾವ ಸಾಲೆಯಲ್ಲೂ ಕಲಿಸುವುದಿಲ್ಲ. ಸಾಲೆಯ ಮಾತು ಆಮೇಲೆ ಬರುತ್ತದೆ, ನನ್ನ ಸಿಟ್ಟು ಇರುವುದೂ ಅಲ್ಲಿಯೇ.

ಒಂದು ಗುಟ್ಟನ್ನು ಮಾತ್ರ ಆಗ ಯಾರಿಗೂ ಹೇಳಿರಲಿಲ್ಲ. ಕಿಟಕಿಯಿಂದ ಬಿದ್ದು ಎದ್ದು ಕೂತ ಮೇಲೆ, ಬಾಗಿಲಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ಒಳಗೆ ನುಗ್ಗುವ ಮೊದಲು, ಸ್ವಲ್ಪ ಹೊತ್ತು ಇಡೀ ಬಸ್ಸು ನನ್ನೊಬ್ಬಳದೇ ಆಗಿರುತ್ತಿತ್ತು. ಬಿಸಿಲಿಗೆ ಕಾದ ರೆಕ್ಸಿನ್, ಡೀಸೆಲ್ಲು, ಹಿಂದಿನ ಊರಿನವರು ಬಿಟ್ಟುಹೋದ ಶೇಂಗಾ ಸಿಪ್ಪೆ, ಇವೆಲ್ಲವುಗಳ ವಾಸನೆ. ಖಾಲಿ ಸೀಟುಗಳ ಸಾಲು. ಮುಂದೆ ದೊಡ್ಡ ಗಾಜು, ಅದರಾಚೆ ಎಲ್ಲಿಗಾದರೂ ಹೋಗಬಲ್ಲ ರಸ್ತೆ. ನಮ್ಮ ಮನೆಯಲ್ಲಿ ನಾನು ಒಬ್ಬಳೇ ಇದ್ದ ಜಾಗವೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಬಸ್ಸಿನ ಹುಚ್ಚು ನನಗೆ ಹಿಡಿದದ್ದು ಅಲ್ಲಿ, ಆ ಖಾಲಿ ಬಸ್ಸಿನಲ್ಲಿ. ಆಮೇಲೆ ಬಾಗಿಲಿನಿಂದ ನಮ್ಮವರು ಬರುತ್ತಿದ್ದರು, ನಾನು ಏಳುತ್ತಿದ್ದೆ. ಹಿಡಿದ ಸೀಟಿನಲ್ಲಿ ನಾನು ಊರಿನವರೆಗೆ ಕೂತು ಬಂದದ್ದು ಒಮ್ಮೆಯೂ ಇಲ್ಲ.

ನಮ್ಮೂರು ಯಂಕಂಚಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬೀದಿಗೆ ಹೊಂದಿ ಕಟ್ಟೆ, ಒಳಗೆ ಪಡಸಾಲೆ, ಅದರ ಹಿಂದೆ ಬೆಳಕಿಂಡಿಯೊಂದೇ ಕಣ್ಣಾಗಿದ್ದ ಅಡಿಗೆಮನೆ. ಪಡಸಾಲೆಯ ಗೋಡೆಗೆ ಊಟಕ್ಕೆ ಕೂಡುವ ಮಣೆಗಳನ್ನು ಒರಗಿಸಿಟ್ಟಿರುತ್ತಿದ್ದರು. ಮೊದಲ ಮಣೆ ಕಾಕಾನದು. ಎರಡನೆಯದು ಅಪ್ಪನದು. ವಯಸ್ಸಿನಲ್ಲಿ ಅಪ್ಪ ಹಿರಿಯ, ಆದರೆ ಕಾಕಾ ಮೆಟ್ರಿಕ್ ತನಕ ಓದಿದವನು, ಸಿಂದಗಿಯ ಕಚೇರಿಗಳಲ್ಲಿ ಮಾತಾಡಿ ಬರುವವನು. ಅದಕ್ಕೇ ಮನೆಯ ಮಾತೆಲ್ಲ ಅವನದೇ. ಮೂರನೆಯ ಮಣೆ ನಮ್ಮ ಆಯಿಯದು, ಅಂದರೆ ಅಪ್ಪನ ಅವ್ವನದು. ನನ್ನ ಅವ್ವನಿಗೆ, ನನಗೆ ಮಣೆ ಇರಲಿಲ್ಲ. ಎಲ್ಲರದೂ ಮುಗಿದ ಮೇಲೆ ಒಲೆಯ ಮುಂದೆ ನೆಲಕ್ಕೆ ಕೂತು, ಬಿಸಿ ಆರಿ ಸೆಟೆದ ರೊಟ್ಟಿಯನ್ನು ಪಲ್ಯದಲ್ಲಿ ಮುರಿದು ನೆನೆಸಿ ತಿನ್ನುತ್ತಿದ್ದೆವು. ಬಸ್ಸಿನಲ್ಲೂ ಇದೇ ಪಂಕ್ತಿ. ನಾನು ಮೂವರ ಸೀಟು ಹಿಡಿದರೆ ಕಾಕಾ, ಅಪ್ಪ, ಆಯಿ ಕೂಡುತ್ತಿದ್ದರು. ಅವ್ವ ಬಗಲಲ್ಲಿ ನನ್ನ ತಮ್ಮನನ್ನು ಹಿಡಿದು ನಿಲ್ಲುತ್ತಿದ್ದಳು, ನಾನು ಅವಳ ಸೀರೆ ಹಿಡಿದು ನಿಲ್ಲುತ್ತಿದ್ದೆ. ಮಣೆಯನ್ನು ಮನೆಯಲ್ಲಿ ಬಿಟ್ಟು ಬಂದಿದ್ದರೂ ಮಣೆ ನಮ್ಮ ಬೆನ್ನು ಬಿಟ್ಟಿರಲಿಲ್ಲ.

ನಾನು ಏಳನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಜಗಳ ಎದ್ದಿತು. ಆಗ ನಮ್ಮೂರಲ್ಲಿ ಸಾಲೆ ಅಲ್ಲಿಗೇ ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ದಿನಾ ಬಸ್ಸು ಹತ್ತಿ ಸಿಂದಗಿಗೆ ಹೋಗಬೇಕು. ನನಗೆ ಓದಿನ ಆಸೆ ಎಷ್ಟಿತ್ತೋ ದಿನಾ ಬಸ್ಸಿನ ಆಸೆಯೂ ಅಷ್ಟೇ ಇತ್ತು. ಎರಡನ್ನೂ ಬೇರೆ ಮಾಡಿ ತೂಗಲು ನನಗೆ ಇಂದಿಗೂ ಬರುವುದಿಲ್ಲ. ಊಟಕ್ಕೆ ಬಡಿಸುವಾಗ ಅವ್ವ ಮಾತು ತೆಗೆದಳು. ಕಾಕಾ ತಲೆ ಎತ್ತಲಿಲ್ಲ.

“ಹೆಣ್ ಹುಡುಗಿ ವೈನಿ ಅದು. ದಿನಾ ಬಸ್ಸಿನ್ಯಾಗ ಗಂಡಸರ ನಡುವ ಮೈಗಿ ಮೈ ತಿಕ್ಕಿಸಿಕೊಂತ ಹೋಗೂದಂದ್ರ ನಾಳಿ ಯಾರ ಕಟಗೋತಾರ ಅಕಿನ್ನ?”

“ಕಿಟಕ್ಯಾಗ ಒಗಿಯೂವಾಗ ನಾ ಹೆಣ್ ಹುಡುಗಿ ಇರಲಿಲ್ಲೇನ ಕಾಕಾ?” ಎಂದೆ ನಾನು ಅಡಿಗೆಮನೆಯಿಂದ.

ಆಯಿ ನಕ್ಕುಬಿಟ್ಟಳು. ಕಾಕಾ ನಗಲಿಲ್ಲ. ತಾಟು ನೂಕಿ ಎದ್ದ. ಅಪ್ಪ ಉಣ್ಣುತ್ತಲೇ ಇದ್ದ. ಅಪ್ಪನ ಆ ಉಣ್ಣುವಿಕೆಯ ಮೇಲಿನ ಸಿಟ್ಟು ನನಗೆ ಕಾಕಾನ ಮೇಲಿನ ಸಿಟ್ಟಿಗಿಂತ ಹಳೆಯದು. ಬೈಯುವವನ ಜೊತೆ ಚೌಕಾಸಿ ಮಾಡಬಹುದು. ಬಾಯಿ ಬಿಡದವನ ಜೊತೆ ಏನು ಮಾಡುತ್ತೀರಿ?

ಅದೇ ಬೇಸಿಗೆಯಲ್ಲಿ ಕಾಕಾನ ಸಂಬಂಧ ಮುದ್ದೇಬಿಹಾಳದಲ್ಲಿ ಗಟ್ಟಿಯಾಯಿತು. ನಿಶ್ಚಯಕ್ಕೆ ನಾವು ಹೊರಟೆವು. ಕಾಕಾ ಇಸ್ತ್ರಿ ಮಾಡಿದ ಬಿಳಿ ಧೋತರ ಉಟ್ಟಿದ್ದ, ಅವ್ವನ ತಲೆಯ ಮೇಲೆ ಸೀರೆ, ಕುಬಸ, ಕೊಬ್ಬರಿ, ಬೆಲ್ಲದ ಗಂಟು. ಸಿಂದಗಿ ಸ್ಟ್ಯಾಂಡು ಮದುವೆ ಸೀಜನ್ನಿನ ಜನರಿಂದ ತುಂಬಿ ತುಳುಕುತ್ತಿತ್ತು. ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಬಸ್ಸು ಅದೊಂದೇ, ಅದು ತಪ್ಪಿದರೆ ಬೀಗರ ಮನೆಯಲ್ಲಿ ಮುಹೂರ್ತ ತಪ್ಪಿದಂತೆ. ಬಸ್ಸು ತಿರುಗಿದ್ದೇ ತಡ, ಕಾಕಾ ನನ್ನನ್ನು ಎತ್ತಿದ. ಏಳನೆಯದು ಮುಗಿಸಿದ್ದರೂ ನಾನು ಕಡ್ಡಿಯಂತೆ ಇದ್ದೆ. ಆದರೂ ಆ ಸಲ ಸೊಂಟದ ಹತ್ತಿರ ಸಿಕ್ಕಿಕೊಂಡೆ, ಅವನು ಹಲ್ಲು ಕಚ್ಚಿ ನೂಕಬೇಕಾಯಿತು. ಒಳಗೆ ಬಿದ್ದವಳೇ ಮೂವರ ಸೀಟಿನ ಮೇಲೆ ಅಂಗಾತ ಮಲಗಿಬಿಟ್ಟೆ. ಬಾಗಿಲಲ್ಲಿ ಜನ ಕಿತ್ತಾಡುತ್ತಿದ್ದರು. ಕತ್ತೆತ್ತಿ ನೋಡಿದೆ, ನಮ್ಮವರು ಮಾತ್ರ ಕಿಟಕಿಯ ಕೆಳಗೆ ಆರಾಮಾಗಿ ನಿಂತಿದ್ದರು. ಮಗಳನ್ನು ಒಳಗೆ ಒಗೆದಾಗಿತ್ತಲ್ಲ, ಅವಸರವೇನು? ಆ ಆರಾಮು ನೋಡಿ ಎದ್ದು ಕೂತು ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

“ಕಾಕಾ, ಸೀಟ ಬೇಕಂದ್ರ ಸಾಲಿಗಿ ಕಳಸ್ತೇನಿ ಅನ್ನು.”

“ಏನ್ ಅಂದಿ?”

“ಸಿಂದಗಿ ಸಾಲಿಗಿ. ಕಳಸ್ತೇನಿ ಅನ್ನು. ಇಲ್ಲಂದ್ರ ಸೀಟ ಮಂದಿಗಿ ಕೊಡ್ತೇನಿ.”

“ಏ ಹುಚ್ ಖೋಡಿ, ಕೆಳಗ ಇಳಿ ನಿನ್ನ ಹಲ್ಲ ಮುರೀತೇನಿ!”

“ಇಳಿಯೂದ ಮುದ್ದೇಬಿಹಾಳದಾಗ. ಅಲ್ಲೀತನಕಾ ನೀ ನಿಂತ ಬಾ.”

ಅಷ್ಟರಲ್ಲಿ ಜ್ವರ ಬಂದ ಕೂಸನ್ನು ಹೆಗಲಿಗೆ ಹಾಕಿಕೊಂಡ ಒಬ್ಬ ಹೆಣ್ಣುಮಗಳು ನನ್ನ ಪಕ್ಕಕ್ಕೆ ಬಂದು ನಿಂತಳು. “ಬಾ ಯಕ್ಕಾ, ಕೂಡು” ಎಂದು ಸರಿದೆ. ಕಾಕಾನ ಮುಖದ ಬಣ್ಣ ಇಳಿಯಿತು.

“ಎರಡ ಉಳದಾವ ಕಾಕಾ.”

“ಅಣ್ಣಾ, ನಿನ್ನ ಮಗಳ ಏನ್ ನಾಟಕ ಹಚ್ಯಾಳ ನೋಡು!” ಎಂದು ಅವನು ಅಪ್ಪನ ಕಡೆ ತಿರುಗಿದ. ಅಪ್ಪ ಬಸ್ಸಿನ ಬೋರ್ಡು ಓದುವವನಂತೆ ಮೇಲೆ ನೋಡುತ್ತಿದ್ದ. ಅಪ್ಪನಿಗೆ ಓದಲು ಬರುತ್ತಿರಲಿಲ್ಲ.

ಮುಂದೆ ಬಂದವನು ಬಿಳಿ ಗಡ್ಡದ ಒಬ್ಬ ಮುತ್ಯಾ, ತಾಳಿಕೋಟೆಗೆ ಹೊರಟಿದ್ದ. “ಖಾಲಿ ಐತೇನವಾ?” ಎಂದ. “ಐತ್ರಿ ಮುತ್ಯಾ, ಕೂಡ್ರಿ.” ಇನ್ನು ಉಳಿದದ್ದು ನಾನು ಕೂತ ಜಾಗ ಒಂದೇ. ಒಳಗಿದ್ದ ಜನಕ್ಕೆ ಅಷ್ಟರಲ್ಲಿ ವಿಷಯ ತಿಳಿದಿತ್ತು. ಯಾರೋ ಹಿಂದಿನಿಂದ, “ಭೇಷ್ ತಂಗೀ, ರೇಟ್ ಇಳಸಬ್ಯಾಡ!” ಎಂದು ಕೂಗಿದರು. ಇಡೀ ಬಸ್ಸು ನಕ್ಕಿತು. ಡ್ರೈವರ್ ಇಂಜಿನ್ ಚಾಲೂ ಮಾಡಿದ. ಆಯಿ ಕಾಕಾನ ಬೆನ್ನಿಗೆ ತನ್ನ ಕೋಲಿನಿಂದ ತಿವಿದಳು.

“ಹ್ಞೂ ಅನ್ನೋ ಮೂಳಾ! ನನ್ನ ಮೊಣಕಾಲ ಹರದ ಹೊಂಟಾವ. ನಿನ್ನ ಲಗ್ನಕ್ಕ ನಾ ಮುದ್ದೇಬಿಹಾಳತನಕಾ ನಿಂತ ಬರಬೇಕೇನ?”

“ಆತು. ಕಳಸ್ತೇನಿ. ಸಾಲಿಗಿ ಕಳಸ್ತೇನಿ. ಆತಿಲ್ಲೋ?”

ಇಡೀ ಬಸ್ಸು ಕೇಳಿತು. ನಾನು ಎದ್ದೆ, ಆಯಿ ಕೂತಳು. ಕಾಕಾ ತನ್ನ ಇಸ್ತ್ರಿಯ ಧೋತರವನ್ನು ಮಂದಿಯ ಬುಟ್ಟಿ, ಕೊಡಗಳ ನಡುವೆ ಮುದ್ದೆ ಮಾಡಿಸಿಕೊಳ್ಳುತ್ತ ನಿಂತು ಬಂದ. ಅವ್ವನೂ ನಿಂತಿದ್ದಳು, ಆದರೆ ಆ ದಿನ ಅವಳು ಎಂದೂ ಇಲ್ಲದಷ್ಟು ನೆಟ್ಟಗೆ ನಿಂತಿದ್ದಳು. ಜ್ವರದ ಕೂಸಿನ ತಾಯಿ ಅರ್ಧ ದಾರಿಯಲ್ಲಿ ಎದ್ದು, “ನೀ ಕೂಡ ಬಾ ಯಕ್ಕಾ ಸ್ವಲ್ಪ” ಎಂದು ಅವಳನ್ನು ಕೂಡಿಸಿದಳು. ಅವ್ವ ಸೀಟಿನಲ್ಲಿ ಕೂತು ಕಿಟಕಿಯಿಂದ ಹೊರಗೆ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ನಾನು ಗೆದ್ದೆ ಎಂದುಕೊಂಡೆ.

ಗೆದ್ದಿರಲಿಲ್ಲ. ವ್ಯಾಪಾರ ಮಾಡುವವರಿಗೆ ಇಲ್ಲಿ ಒಂದು ಮಾತು ಹೇಳುತ್ತೇನೆ, ಬರೆದಿಟ್ಟುಕೊಳ್ಳಿ: ಮಾಲು ಕೈ ಬಿಡುವ ಮೊದಲು ಬೆಲೆ ಕೈಗೆ ಬಂದಿರಬೇಕು. ನಾನು ಸೀಟು ಕೊಟ್ಟು ಮಾತು ತೆಗೆದುಕೊಂಡೆ. ನನ್ನ ಸಾಕ್ಷಿಗಳೆಲ್ಲ ದಾರಿಯ ಊರುಗಳಲ್ಲಿ ಒಬ್ಬೊಬ್ಬರಾಗಿ ಇಳಿದು ತಮ್ಮ ತಮ್ಮ ಮನೆಗೆ ಹೋದರು.

ಸಾಲೆ ಸುರುವಾಗುವ ದಿನ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿಸಿಕೊಂಡು, ಅವ್ವ ಹಳೆಯ ಸೀರೆಯ ಸೆರಗಿನಿಂದ ಹೊಲಿದ ಚೀಲ ಹಿಡಿದು ಕಟ್ಟೆಯ ಮೇಲೆ ಬಸ್ಸಿಗೆ ಕಾದು ನಿಂತೆ. ದೂರದಲ್ಲಿ ಹಾರ್ನು ಕೇಳಿಸಿತು. ಕಾಕಾ ಒಳಗಿನಿಂದ ಬಂದು ಚೀಲ ಕಸಿದುಕೊಂಡ.

“ಎಲ್ಲಿಗಿ?”

“ಸಾಲಿಗಿ. ನೀ ಕಳಸ್ತೇನಿ ಅಂದಿದ್ದೆಲ್ಲಾ?”

“ಬಸ್ಸಿನ್ಯಾಗ ಆಡಿದ್ ಮಾತು ಬಸ್ಸಿನ್ಯಾಗ ಹೋತು. ನಡಿ ಒಳಗ.”

ಬಸ್ಸು ಬಂದಿತು, ನಮ್ಮ ಮನೆಯ ಮುಂದೆ ಧೂಳೆಬ್ಬಿಸಿ ನಿಂತಿತು. ಊರಿನ ಗಂಡುಹುಡುಗರು ಹತ್ತಿದರು, ಅದು ಹೋಯಿತು. ಆ ದಿನ ಅವ್ವ ರೊಟ್ಟಿ ಬಡಿಯಲಿಲ್ಲ. ರೊಟ್ಟಿ ಬಡಿಯುವ ಸದ್ದಿಲ್ಲದ ಮನೆ ನಮ್ಮ ಕಡೆ ಸೂತಕದ ಮನೆ. ಒಲೆ ಹೊತ್ತಿಸಲಿಲ್ಲ, ಯಾರ ಜೊತೆಯೂ ಮಾತಾಡಲಿಲ್ಲ, ಜೋಳದ ಹಿಟ್ಟಿನ ಡಬ್ಬಿಯನ್ನು ಮುಂದಿಟ್ಟುಕೊಂಡು ಗೋಡೆಗೆ ಒರಗಿ ಕೂತುಬಿಟ್ಟಳು. ಮಧ್ಯಾಹ್ನ ಕಾಕಾ ತನ್ನ ಮಣೆ ಹಾಕಿಕೊಂಡು ಕೂತ, ತಾಟು ಬರಲಿಲ್ಲ. ಒಂದೇ ಒಂದು ಹೊತ್ತು, ಆ ಮನೆಯಲ್ಲಿ ಗಂಡಸರು ಮಣೆಯ ಮೇಲೆ ಕೂತು ಬರಿಗೈಯಲ್ಲಿ ಕಾದರು. ಇನ್ನೊಂದು ಹೊತ್ತು ಕಾದಿದ್ದರೆ ಏನಾಗುತ್ತಿತ್ತೋ. ಆದರೆ ಸಂಜೆ ಆಯಿ ಹಿಟ್ಟು ನಾದಿದಳು, “ಗಂಡಮಕ್ಕಳು ಉಪಾಸ ಮಲಗಬಾರದ” ಎನ್ನುತ್ತ. ಬಸ್ಸಿನ ಕೆಳಗೆ ನಿಂತು ನನಗೆ ಮಾತು ಕೊಡಿಸಿದ ಅದೇ ಆಯಿ. ಅವಳ ಮೊಣಕಾಲಿಗೆ ಸೀಟು ಸಿಕ್ಕಿತ್ತು, ಅವಳ ಕೆಲಸ ಮುಗಿದಿತ್ತು. ಅವಳು ತೀರಿಹೋಗಿ ವರ್ಷಗಳಾದವು. ನಾನು ಆ ರೊಟ್ಟಿಯ ಸದ್ದನ್ನು ಮರೆತಿಲ್ಲ, ಮರೆಯುವ ಉಮೇದೂ ಇಲ್ಲ.

ದೀಪಾವಳಿಗೆ ಮತ್ತೆ ಪ್ರಯಾಣ ಬಂದಿತು. ಕಾಕಾ ನನ್ನನ್ನು ಕಿಟಕಿಗೆ ಎತ್ತಲು ಬಂದ, ನಾನು ನೆಲಕ್ಕೆ ಕೂತುಬಿಟ್ಟೆ. ಎಳೆದಾಡುವ ಅವಶ್ಯಕತೆಯೇ ಬೀಳಲಿಲ್ಲ. ಅವನ ಹೊಸ ಹೆಂಡತಿ, ನಮ್ಮ ಚಿಗವ್ವ, “ಬಿಡ್ರಿ, ಅಕಿ ಈಗ ಆ ಕಿಟಕ್ಯಾಗ ಹಾಯೂದಿಲ್ಲ, ದೊಡ್ಡಾಕಿ ಆಗ್ಯಾಳ” ಎಂದಳು. ಕಾಕಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ನನ್ನ ತಮ್ಮನನ್ನು ಎತ್ತಿ ಒಳಗೆ ಒಗೆದ. ತಮ್ಮ ಸೀಟು ಹಿಡಿದ. ಹಿಡಿದ ಸೀಟಿನಲ್ಲೇ ಕಾಕಾನ ತೊಡೆಯ ಮೇಲೆ ಕೂತು ಬಂದ. ಮುಂದೆ ಅದೇ ಬಸ್ಸಿನಲ್ಲಿ ಸಿಂದಗಿಯ ಸಾಲೆಗೆ ಹೋಗಿ ಓದಿದ, ನೌಕರಿ ಹಿಡಿದ. ತಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಒಗೆಯುವಾಗ ಇಬ್ಬರನ್ನೂ ಒಂದೇ ಕೈ ಒಗೆಯಿತು, ಕೂಡಿಸುವಾಗ ಮಾತ್ರ ಒಬ್ಬನನ್ನು ಕೂಡಿಸಿತು. ಆ ಕೈಯ ಮೇಲೆ ಸಿಟ್ಟು.

ನನ್ನನ್ನು ಇಂಡಿಗೆ ಮದುವೆ ಮಾಡಿ ಕೊಟ್ಟರು. ಇಂಡಿಗೆ ರೈಲಿದೆ ಎಂದು ಕೇಳಿ ಹಿಗ್ಗಿದ್ದೆ. ಹೋಗಿ ನೋಡಿದರೆ ಸ್ಟೇಶನ್ನಿನ ಹೆಸರು ‘ಇಂಡಿ ರೋಡ್’, ಊರು ಒಂದು ಕಡೆ, ರೈಲು ಒಂದು ಕಡೆ. ಬಾಗೇವಾಡಿಯದೂ ಅದೇ ಹಣೆಬರಹ, ‘ರೋಡ್’ ಎಂಬ ಬಾಲ. ಸಿಂದಗಿ, ಮುದ್ದೇಬಿಹಾಳದವರಿಗೆ ಆ ಬಾಲವೂ ಇಲ್ಲ. ಪ್ರತಿ ಇಲೆಕ್ಷನ್ನಿಗೆ ಇವರಿಗೆ ರೈಲು ಬರುತ್ತದೆ, ಎಣಿಕೆಯ ದಿನ ವಾಪಸ್ಸು ಹೋಗುತ್ತದೆ. ಕಿಟಕಿಯ ಕೆಳಗೆ ನಿಂತು ಮಾತು ಕೊಡುವ ಕಾಕಾ ನಮ್ಮ ಮನೆಯಲ್ಲಷ್ಟೇ ಇಲ್ಲ. ಆದರೂ ಆ ರೈಲೇ ನನ್ನನ್ನು ಬದುಕಿಸಿತು. ಗಂಡನ ಗಳಿಕೆ ಸಾಲದಾದಾಗ ಇಂಡಿ ರೋಡಿನಿಂದ ಸೊಲ್ಲಾಪುರಕ್ಕೆ ಹೋಗಿ ಚಾದರ ತಂದು ಮಾರಲು ಸುರು ಮಾಡಿದೆ. ಮನಗೂಳಿಯ ಸಂತೆ, ಮೋರಟಗಿಯ ಮದುವೆ ಮನೆ, ಬಾಗೇವಾಡಿಯ ಓಣಿ ಓಣಿ, ಎಲ್ಲಾ ಬಸ್ಸಿನಲ್ಲೇ. ಗಂಟು ಎಲ್ಲಿಟ್ಟರೆ ಯಾರ ಕಾಲಿಗೂ ತಾಗುವುದಿಲ್ಲ, ಯಾವ ಬಸ್ಸು ಹೆಸರಿಗೆ ಎಕ್ಸ್‌ಪ್ರೆಸ್ ಆಗಿ ಹಳ್ಳಿ ಹಳ್ಳಿಗೂ ನಿಲ್ಲುತ್ತದೆ, ಎಲ್ಲಾ ನನಗೆ ಬಾಯಿಪಾಠ. ಧಂದೆ ಬೆಳೆದ ಮೇಲೆ ಒಮ್ಮೆ ಸೊಲ್ಲಾಪುರದಿಂದ ಮುಂಬೈಗೆ ಹೋಗಬೇಕಾಯಿತು, ಸೀಟು ರಿಸರ್ವ್ ಮಾಡಿಸಿದ್ದೆ. ರೈಲು ಡಬ್ಬಿಯ ಬಾಗಿಲಿಗೆ ಅಂಟಿಸಿದ ಕಾಗದದಲ್ಲಿ ನನ್ನ ಹೆಸರು ಇತ್ತು. ಒಬ್ಬ ಪ್ಯಾಂಟಿನವನು ನನ್ನ ಜಾಗದಲ್ಲಿ ಕೂತಿದ್ದ. ನಾನು ಹೆಸರು ಹೇಳಿದೆ, ಅವನು ಎದ್ದ. ಜಗಳ ಇಲ್ಲ, ಅಳು ಇಲ್ಲ, ಸುಮ್ಮನೆ ಎದ್ದ. ಕಿಟಕಿಯ ಪಕ್ಕ ಕೂತು ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಸಂತೋಷಕ್ಕಲ್ಲ. ಇಷ್ಟು ಸಲೀಸಾದದ್ದನ್ನು ನನ್ನ ಅವ್ವನಿಗೆ ಯಾರೂ ಒಂದು ಸಲ ಕೊಡಲಿಲ್ಲವಲ್ಲ ಎಂಬ ಸಿಟ್ಟಿಗೆ.

ಈಗ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೀಟಿಗೆ ರೊಕ್ಕವಿಲ್ಲ. ಗಂಡಸರು ನಿಂತಲ್ಲೇ ಗೊಣಗುತ್ತಾರೆ, “ಬರೇ ಹೆಂಗಸರ ತುಂಬ್ಯಾರಲೇ, ನಾವ ರೊಕ್ಕ ಕೊಟ್ಟ ನಿಂದರಬೇಕು” ಎಂದು. ಗೊಣಗಲಿ. ಹೋದ ತಿಂಗಳು ಯಂಕಂಚಿಯ ಒಂದು ಮದುವೆ ಮನೆಗೆ ಚಾದರ ಮುಟ್ಟಿಸಲು ಸಿಂದಗಿ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಇಬ್ಬರ ಸೀಟಿನಲ್ಲಿ ಕಿಟಕಿಗೆ ಕೂತಿದ್ದೆ. ಸಾಲೆ ಬಿಡುವ ಹೊತ್ತು, ಬಾಗಿಲಲ್ಲಿ ನೂಕಾಟ. ಕಿಟಕಿಯ ಕೆಳಗಿನಿಂದ ಒಂದು ಸುಕ್ಕುಗಟ್ಟಿದ ಕೈ ಮೇಲೆ ಬಂದಿತು, ಕೈಯಲ್ಲಿ ಟವೆಲ್.

“ಯಾರದು, ನಮ್ಮ ಮಾದೇವಿ ಅಲ್ಲೇನ? ಒಂದ್ ಸೀಟ ಹಿಡಿಯವಾ ತಾಯಿ. ಕಣ್ಣ ತೋರಸಾಕ ಬಂದಿದ್ದೆ. ನಿಂದರಾಕ ಆಗೂದಿಲ್ಲ.”

ಕಾಕಾ. ಕುಗ್ಗಿದ್ದ, ಆದರೆ ಧೋತರಕ್ಕೆ ಇಸ್ತ್ರಿ ಇತ್ತು.

“ಹ್ಞೂ ಕಾಕಾ. ಹಿಡೀತೇನಿ” ಎಂದೆ. ಟವೆಲನ್ನು ಪಕ್ಕದ ಸೀಟಿನ ಮೇಲೆ ಹಾಸಿದೆ.

ಅವನು ಬಾಗಿಲ ಕಡೆಗೆ ಸುತ್ತಿ ಬರುವುದರೊಳಗೆ ಒಂದು ಹುಡುಗಿ ಬಂದು ನಿಂತಳು. ನೀಲಿ ಯೂನಿಫಾರ್ಮ್, ಎರಡು ಜಡೆ, ಬೆನ್ನಿಗೆ ತನಗಿಂತ ಭಾರದ ಚೀಲ. ಟವೆಲನ್ನು ನೋಡಿ ನನ್ನನ್ನು ಕೇಳುವ ಗೋಜಿಗೂ ಹೋಗದೆ ಮೇಲಿನ ಸರಳಿಗೆ ಕೈ ಚಾಚಿದಳು. ಎಟುಕಲಿಲ್ಲ.

“ಯಾವೂರವಾ?”

“ಯಂಕಂಚಿರಿ.”

“ಎಷ್ಟನೇತ್ತ?”

“ಎಂಟನೇತ್ತರಿ.”

ಟವೆಲನ್ನು ಎತ್ತಿ ನಾಲ್ಕು ಮಡಿಕೆ ಮಾಡಿ ನನ್ನ ತೊಡೆಯ ಮೇಲಿಟ್ಟುಕೊಂಡೆ. “ಕೂಡು” ಎಂದೆ. ಅವಳು ಕೂತು ಚೀಲವನ್ನು ಮುಂದಕ್ಕೆ ತೆಗೆದುಕೊಂಡಳು. ಕಾಕಾ ಏದುಸಿರು ಬಿಡುತ್ತ ಸೀಟಿನ ಹತ್ತಿರ ಬಂದು ನಿಂತ. ಹುಡುಗಿಯನ್ನು ನೋಡಿದ, ನನ್ನ ತೊಡೆಯ ಮೇಲಿನ ಟವೆಲನ್ನು ನೋಡಿದ.

“ಹಿಡೀತೇನಿ ಅಂದಿದ್ದೆಲ್ಲವಾ?”

“ಬಸ್ಸಿನ ಕೆಳಗ ಆಡಿದ್ ಮಾತು ಬಸ್ಸಿನ ಕೆಳಗ ಹೋತು ಕಾಕಾ.”

ಅವನು ಎದುರಿನ ಸೀಟಿನ ಬೆನ್ನು ಹಿಡಿದು ನಿಂತ. ಮುದುಕನ ಮುಖ ನೋಡಿ ಹುಡುಗಿ ಗಾಬರಿಯಾದಳು. ಅವಳಿಗೂ ಅವಳ ಮನೆಯಲ್ಲಿ ಕಲಿಸಿರುತ್ತಾರಲ್ಲ. ಚೀಲ ಅವುಚಿಕೊಂಡು, “ಕೂಡ್ರಿ ಮುತ್ಯಾ” ಎಂದು ಏಳಲು ಹೊರಟಳು. ನಾನು ಅವಳ ಹೆಗಲ ಮೇಲೆ ಕೈಯಿಟ್ಟು ಕೆಳಗೆ ಒತ್ತಿದೆ. ಟವೆಲನ್ನು ಕಾಕಾನ ಕೈಗೆ ಕೊಟ್ಟೆ. ಮಾತು ಮಾತ್ರ ಹುಡುಗಿಗೆ ಹೇಳಿದೆ, ಅವನಿಗೆ ಕೇಳುವಷ್ಟು ಗಟ್ಟಿಯಾಗಿ.

“ಯಾರ ಬಂದ್ ಏನ್ ಅಂದ್ರೂ ಏಳಬ್ಯಾಡ.”